ತಟ್ಟೆಯ ಲೆಕ್ಕ, ಕಿವಿಯ ಲೆಕ್ಕ

ಗ್ರಾಮಫೋನಿನ ಅಯಸ್ಕಾಂತ ಪಿಕಪ್ಪು ಕೊಡುವ ವಿದ್ಯುತ್ತು ಕೆಲವೇ ಮಿಲಿವೋಲ್ಟು. ಅದನ್ನು ಹಿಗ್ಗಿಸುವುದಷ್ಟೇ ಪ್ರೀಆಂಪ್ಲಿಫೈಯರಿನ ಕೆಲಸವೆಂದು ಹಲವರ ಎಣಿಕೆ. ಇದು ಅರ್ಧಸತ್ಯ. ಮಂದ್ರಸ್ವರವನ್ನು ಇದ್ದಂತೆಯೇ ಕೊರೆದರೆ ತಟ್ಟೆಯ ಗೆರೆ ಹೊರಳಿ ಪಕ್ಕದ ಗೆರೆಯನ್ನು ತಾಕೀತು. ತಾರಸ್ವರವನ್ನು ಹಾಗೆಯೇ ಬಿಟ್ಟರೆ ತಟ್ಟೆಯ ಗರಗರ ಸದ್ದಿನಲ್ಲಿ ಅಡಗೀತು. ಆದುದರಿಂದ ಮುದ್ರಿಸುವವರು ಮಂದ್ರವನ್ನು ತಗ್ಗಿಸಿ, ತಾರವನ್ನು ಏರಿಸಿ ಕೊರೆಯುತ್ತಾರೆ. ಕೇಳುವಾಗ ಇದನ್ನು ಸರಿದೂಗಿಸಿ ಮೂಲದ ನಾದವನ್ನು ಮರಳಿಸುವ ಹೊಣೆಯೂ ಪ್ರೀಆಂಪ್ಲಿಫೈಯರಿನದೇ.

ಎಷ್ಟು ತಗ್ಗಿಸಬೇಕು, ಎಷ್ಟು ಏರಿಸಬೇಕು? ಬಹುಕಾಲ ಕಂಪನಿಗೊಂದು ಲೆಕ್ಕವಿತ್ತು. ಅಮೆರಿಕದಲ್ಲಿ 1948ರಲ್ಲಿ ಕೊಲಂಬಿಯಾ ಕಂಪನಿ 33⅓ ಸುತ್ತಿನ ಲಾಂಗ್‌ಪ್ಲೇ ತಟ್ಟೆಯನ್ನು ತಂದಿತು. ಅದರ ಲೆಕ್ಕ ಒಂದಾದರೆ ಆರ್.ಸಿ.ಎ. ವಿಕ್ಟರ್ ಕಂಪನಿಯದು ಇನ್ನೊಂದು. ತಟ್ಟೆ ಬದಲಾದಂತೆ ಕೇಳುಗರು ಗುಂಡಿಯನ್ನು ತಿರುಗಿಸಬೇಕಿತ್ತು. ಕೊನೆಗೆ 1954ರಲ್ಲಿ ಅಲ್ಲಿನ ಧ್ವನಿಮುದ್ರಣ ಉದ್ಯಮದ ಸಂಘವಾದ ಆರ್.ಐ.ಎ.ಎ. ಎಲ್ಲರಿಗೂ ಒಂದೇ ಲೆಕ್ಕವನ್ನು ಗೊತ್ತುಮಾಡಿತು. ಇಂದಿಗೂ ಅದೇ ನಡೆದಿದೆ.

ಆ ಬಳಿಕದ ಲಾಂಗ್‌ಪ್ಲೇ ತಟ್ಟೆಗಳಿಗೆ ಆರ್.ಐ.ಎ.ಎ. ಲೆಕ್ಕದ ಪ್ರೀಆಂಪ್ಲಿಫೈಯರ್ ಸಾಕು. ಅಜ್ಜನ ಪೆಟ್ಟಿಗೆಯಲ್ಲಿ 78 ಸುತ್ತಿನ ತಟ್ಟೆಗಳಿದ್ದರೆ ಮಾತ್ರ ಲೆಕ್ಕವನ್ನು ಬದಲಿಸಬಲ್ಲ ಗುಂಡಿಗಳುಳ್ಳದ್ದನ್ನೇ ಆರಿಸುವುದು ಲೇಸು. ಇಲ್ಲವಾದರೆ ನಾವು ಕೇಳುವ ಕಂಠ ಹಾಡಿದವರದಾಗಿ ಉಳಿಯದು.