ಮೀನಖಂಡ ವರ್ಧನ ಶಸ್ತ್ರಚಿಕಿತ್ಸೆ

ಮೊಣಕಾಲಿನ ಕೆಳಗೆ, ಕಾಲಿನ ಹಿಂಭಾಗದಲ್ಲಿರುವ ಮೀನಖಂಡದ ಗಾತ್ರವನ್ನು ಹೆಚ್ಚಿಸಿ ಆಕಾರವನ್ನು ತಿದ್ದುವ ಶಸ್ತ್ರಚಿಕಿತ್ಸೆ. ಇದು ಪ್ಲಾಸ್ಟಿಕ್ ಸರ್ಜರಿಯ ಒಂದು ವಿಭಾಗ. ಸೌಂದರ್ಯವರ್ಧನೆ ಮತ್ತು ಅಂಗಪುನಾರಚನೆ ಎಂಬ ಎರಡು ಉದ್ದೇಶಗಳಿಗೂ ಬಳಕೆಯಲ್ಲಿದೆ. ಸಿಲಿಕೋನ್ ಕಸಿ ಬಳಸಿದ ಆರಂಭಿಕ ವರದಿಗಳು 1979ರಲ್ಲಿ ಪ್ರಕಟವಾದವು.

ಮೀನಖಂಡದ ಉಬ್ಬು ಮುಖ್ಯವಾಗಿ ಗ್ಯಾಸ್ಟ್ರೊಕ್ನೀಮಿಯಸ್ ಸ್ನಾಯುವಿನ ಒಳ ಮತ್ತು ಹೊರ ಭಾಗಗಳಿಂದಲೂ ಅದರಡಿಯ ಸೋಲಿಯಸ್ ಸ್ನಾಯುವಿನಿಂದಲೂ ರೂಪುಗೊಳ್ಳುತ್ತದೆ. ಪೋಲಿಯೊ, ಹುಟ್ಟಿನಿಂದ ಬಂದ ತಿರುಚುಪಾದ, ಬೆನ್ನುಹುರಿಯ ದೋಷ ಅಥವಾ ಗಾಯದಿಂದ ಒಂದು ಕಾಲು ಸೊರಗಿದವರಲ್ಲಿ ಎರಡೂ ಕಾಲುಗಳ ಹೊರನೋಟವನ್ನು ಸಮಗೊಳಿಸಲು ಈ ಚಿಕಿತ್ಸೆ ನೆರವಾಗುತ್ತದೆ. ಸ್ನಾಯುವಿನ ಬಲ ಇದರಿಂದ ಹೆಚ್ಚುವುದಿಲ್ಲ.

ಕಸಿ ವಿಧಾನದಲ್ಲಿ ಮೊಣಕಾಲಿನ ಹಿಂದಿನ ಮಡಿಕೆಯಲ್ಲಿ ಚರ್ಮವನ್ನು ಸೀಳಿ, ಸ್ನಾಯುವನ್ನು ಹೊದ್ದ ಗಟ್ಟಿ ಪೊರೆಯ ಅಡಿಯಲ್ಲಿ ಅಥವಾ ಸ್ನಾಯುವಿನ ಕೆಳಗೆ ಸಿಲಿಕೋನ್ ಕಸಿಯನ್ನು ಇರಿಸಲಾಗುತ್ತದೆ. ಕೊಬ್ಬು ವರ್ಗಾವಣೆಯಲ್ಲಿ ಹೊಟ್ಟೆ ಅಥವಾ ತೊಡೆಯಿಂದ ಹೀರಿ ತೆಗೆದ ಕೊಬ್ಬನ್ನು ಶುದ್ಧಗೊಳಿಸಿ ಮೀನಖಂಡಕ್ಕೆ ಚುಚ್ಚಲಾಗುತ್ತದೆ. ಅದರ ಒಂದಷ್ಟು ಭಾಗವನ್ನು ದೇಹ ಹೀರಿಕೊಳ್ಳುವುದರಿಂದ ಚಿಕಿತ್ಸೆಯನ್ನು ಪುನರಾವರ್ತಿಸಬೇಕಾಗಬಹುದು. ಇದಕ್ಕೆ ವಿರುದ್ಧವಾಗಿ, ದಪ್ಪ ಮೀನಖಂಡವನ್ನು ಕಿರಿದಾಗಿಸಲು ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು, ಕೊಬ್ಬು ಹೀರುವಿಕೆ, ನರಶಾಖೆಯ ಛೇದನ ಮೊದಲಾದ ಪ್ರತ್ಯೇಕ ವಿಧಾನಗಳಿದ್ದು, ದಕ್ಷಿಣ ಕೊರಿಯದಲ್ಲಿ ಇವು ಹೆಚ್ಚು ಪ್ರಚಲಿತವಾಗಿವೆ.

ಸೋಂಕು, ರಕ್ತ ಅಥವಾ ದ್ರವದ ಶೇಖರಣೆ, ಕಸಿಯ ಸ್ಥಾನಪಲ್ಲಟ, ಸುತ್ತಲಿನ ಪೊರೆಯ ಬಿಗಿತ, ನರಕ್ಕೆ ಹಾನಿ ಮತ್ತು ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಮೀನಖಂಡ ವರ್ಧನೆಯ ಸಂಭವನೀಯ ತೊಡಕುಗಳು. ಸ್ನಾಯುಗಳನ್ನು ಸುತ್ತುವರಿದ ಪೊರೆಯೊಳಗಿನ ಒತ್ತಡ ಏರಿ ರಕ್ತಸಂಚಾರ ಕುಂಠಿತವಾಗುವ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ವಿರಳವಾದರೂ ಗಂಭೀರ; ಅದಕ್ಕೆ ತುರ್ತು ಚಿಕಿತ್ಸೆ ಅಗತ್ಯ.