ಅರಸೀಕೆರೆ ಕುರುಚಲು ಕಾಡಿನ ಚಿಟ್ಟೆ, ಕಾಡುಹೂಗಳು

ಹಾಸನ ಜಿಲ್ಲೆಯ ಅರಸೀಕೆರೆ ಸೀಮೆಯ ಒಣಗುಡ್ಡ, ಗೋಮಾಳಗಳಲ್ಲೊಂದು ಜೀವಸಮೂಹವಿದೆ. ಈ ಸೀಮೆ ಮರುಭೂಮಿಯಲ್ಲ, ಮಳೆನೆರಳಿನ ಮುಳ್ಳುಕುರುಚಲು. ಬೇಲೂರಿನಿಂದ ಹಳೇಬೀಡು ಹಾದು ಈಶಾನ್ಯಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತದೆ. ಬೀಳುನೆಲವೆಂದು ಈ ಕುರುಚಲನ್ನು ಕಡೆಗಣಿಸುವುದು ತಪ್ಪು; ಇಲ್ಲಿನ ಚಿಟ್ಟೆ, ಹೂಗಳನ್ನೇ ನೋಡಿ. ಎಕ್ಕದೆಲೆ ಮೇಯುವ ಪ್ಲೇನ್ ಟೈಗರ್ ಚಿಟ್ಟೆಯ ಹುಳು ಗಿಡದ ವಿಷವನ್ನು ಮೈಯಲ್ಲಿ ಕೂಡಿಸಿಕೊಳ್ಳುತ್ತದೆ. ಆ ವಿಷದಿಂದಾಗಿ ರೆಕ್ಕೆ ಬಂದ ಮೇಲೂ ಹಕ್ಕಿಗಳು ಅದರ ತಂಟೆಗೆ ಹೋಗುವುದು ಕಡಿಮೆ. ತಂಗಡಿ ಗಿಡ ಹಳದಿ ಚಿಟ್ಟೆಗಳ ತವರು. ಒಣಸೀಮೆಯ ಅಪರೂಪದ ಸೆರೊಪೀಜಿಯ ಬಳ್ಳಿಗಳ ಹೂವಂತೂ ದೊಡ್ಡ ಸೋಜಿಗ: ಕೊಳವೆಯೊಳಗೆ ಜಾರಿದ ಪುಟ್ಟ ನೊಣವನ್ನು ಒಳಗಿನ ರೋಮಗಳು ತಡೆದಿಡುತ್ತವೆ, ಅವು ಬಾಡಿದಾಗಲೇ ನೊಣ ಪರಾಗ ಹೊತ್ತು ಹೊರಬೀಳುವುದು. ಜಿಲ್ಲೆಯ ಸಸ್ಯಗಳಿಗೆ ಸಿಸಿಲ್ ಸಲ್ಡಾನ, ಡ್ಯಾನ್ ನಿಕಲ್ಸನ್ ಸಂಪಾದಿಸಿದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ (1976) ಇಂದಿಗೂ ಆಧಾರಗ್ರಂಥ. ವೀಕ್ಷಣೆಗೆ ಮುಂಗಾರಿನ ನಂತರದ ಬಿಸಿಲೇರುವ ಬೆಳಗು ಒಳ್ಳೆಯದು, ಹೂ ಕೀಳಬಾರದು.