ನೆಲದ ಮೇಲಣ ಒಡೆತನವೂ ನೆಲದೊಳಗಣ ಒಡೆತನವೂ: ಎಡೆದೊರೆ ನಾಡಿನ ಗಣಿಗಳನ್ನು ಕುರಿತ ಒಂದು ವಿಚಾರ

ವಿಜಯನಗರದ ಕಾಲದ ದಾನಶಾಸನಗಳನ್ನು ಓದಿದವರಿಗೆಲ್ಲ ‘ಅಷ್ಟಭೋಗ ತೇಜಸ್ವಾಮ್ಯ’ವೆಂಬ ಮಾತು ಚಿರಪರಿಚಿತವಾದುದು. ಗ್ರಾಮವೊಂದನ್ನು ಧಾರೆಯೆರೆಯುವಾಗ ಅದರ ಚತುಸ್ಸೀಮೆಯನ್ನು ಹೇಳಿ, ಆ ಸೀಮೆಯೊಳಗಣ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಎಂಟು ಭೋಗಗಳನ್ನು ಪ್ರತಿಗ್ರಹೀತನಿಗೆ ಒಪ್ಪಿಸುವುದು ವಾಡಿಕೆಯಾಗಿತ್ತು. ಶಾಸನವನ್ನು ಪರಿಶೋಧಿಸುವವರು ರಾಜನ ಹೆಸರನ್ನೂ ತಿಥಿಯನ್ನೂ ಹುಡುಕುವ ಆತುರದಲ್ಲಿ ಈ ಸಾಲನ್ನು ಬರಿಯ ರೂಢಿಯ ಪಾಠವೆಂದು ದಾಟಿಹೋಗುವುದುಂಟು. ಆದರೆ ನೆಲವನ್ನು ಪಡೆದವನಿಗೆ ನೆಲದೊಳಗಿನದೂ ಸಲ್ಲುವುದೆ ಎಂಬ ಪ್ರಶ್ನೆಗೆ ನಮ್ಮ ಪೂರ್ವಿಕರು ಕೊಟ್ಟ ಉತ್ತರವು ಈ ಸಾಲಿನಲ್ಲಿಯೇ ಅಡಗಿದೆ. ಆ ಪ್ರಶ್ನೆಯು ಹಳೆಯದೆಂದು ಬದಿಗಿಡತಕ್ಕದ್ದಲ್ಲ. ಲಿಂಗಸುಗೂರು ಮಸ್ಕಿಗಳ ಸೀಮೆಯಲ್ಲಿ ಹೊಲವುಳ್ಳವನಿಗೂ ಅಲ್ಲಿನ ತಹಶೀಲ್ದಾರನಿಗೂ ಇಂದಿಗೂ ಎದುರಾಗತಕ್ಕದ್ದಾಗಿದೆ.

ಎಂಟು ಭೋಗಗಳಲ್ಲಿ ಮೊದಲಿನ ನಾಲ್ಕನ್ನು ಗಮನಿಸಬೇಕು. ನಿಧಿಯೆಂದರೆ ಹೂತಿಟ್ಟ ಧನ, ನಿಕ್ಷೇಪವೆಂದರೆ ಒಬ್ಬನು ಇರಿಸಿಹೋದ ಒಡವೆ, ಜಲವು ಕೆರೆ ಬಾವಿಗಳ ನೀರು, ಪಾಷಾಣವು ಕಲ್ಲು. ಅಕ್ಷೀಣಿ ಮುಂತಾದುವುಗಳ ಅರ್ಥದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಪಾಷಾಣವೆಂಬುದು ಮನೆಕಟ್ಟುವ ಕಲ್ಲನ್ನು ಮಾತ್ರ ಹೇಳುತ್ತದೆಯೋ, ಲೋಹಗರ್ಭವಾದ ಶಿಲೆಯನ್ನೂ ಒಳಗೊಳ್ಳುತ್ತದೆಯೋ ಎಂಬುದು ಚರ್ಚಾಸ್ಪದ. ಹಟ್ಟಿಯ ಚಿನ್ನವು ಬೆಣಚುಕಲ್ಲಿನ ಎಳೆಗಳಲ್ಲಿ ಬೆರೆತಿರುವುದೇ ಹೊರತು ಗಟ್ಟಿಯಾಗಿ ಪ್ರತ್ಯೇಕವಾಗಿ ದೊರೆಯುವುದಿಲ್ಲವಾದುದರಿಂದ, ಪಾಷಾಣವನ್ನು ಕೊಟ್ಟವನು ಅದರೊಳಗಿನ ಲೋಹವನ್ನೂ ಕೊಟ್ಟನೆಂದು ತಿಳಿಯುವುದೇ ಯುಕ್ತವೆಂದು ನಮಗೆ ತೋರುತ್ತದೆ. ಅದಕ್ಕಿಂತ ಮುಖ್ಯವಾದುದು ಬೇರೊಂದುಂಟು. ಈ ಭೋಗಗಳನ್ನು ಬಿಡಿಬಿಡಿಯಾಗಿ ಎಣಿಸಿ ಕೊಡಬೇಕಾಗಿತ್ತೆಂದರೆ, ಎಣಿಸದಿದ್ದ ಪಕ್ಷಕ್ಕೆ ಅವು ಅರಸನಲ್ಲಿಯೇ ಉಳಿಯುತ್ತಿದ್ದುವೆಂದು ಅರ್ಥವಾಗುತ್ತದೆ. ನೆಲದೊಡನೆ ನೆಲದೊಳಗಿನದು ತಾನಾಗಿ ಬರುತ್ತಿರಲಿಲ್ಲ, ಬರೆದರೆ ಬರುತ್ತಿತ್ತು.

ಧರ್ಮಶಾಸ್ತ್ರಕಾರರ ಮತವೂ ಇದಕ್ಕೆ ಅನುಕೂಲವಾಗಿಯೇ ಇದೆ. ಭೂಮಿಯನ್ನು ರಕ್ಷಿಸುವವನೂ ಅದರ ಅಧಿಪತಿಯೂ ಆದುದರಿಂದ ಹಳೆಯ ನಿಧಿಗಳಲ್ಲಿಯೂ ಭೂಗತವಾದ ಧಾತುಗಳಲ್ಲಿಯೂ ಅರ್ಧವು ರಾಜನಿಗೆ ಸಲ್ಲುವುದೆಂದು ಮನುವಿನ ಅಭಿಪ್ರಾಯ. ಯಾಜ್ಞವಲ್ಕ್ಯನು ಇತರರಿಗೆ ದೊರೆತ ನಿಧಿಯ ವಿಷಯದಲ್ಲಿ ಆರನೆಯ ಒಂದು ಪಾಲಿನ ಮಾತನ್ನೆತ್ತುತ್ತಾನೆ. ಆ ಪಾಲು ಅರಸನದೋ ಕಂಡವನದೋ ಎಂಬ ಸಂದೇಹಕ್ಕೆ ಅಲ್ಲಿ ಎಡೆಯುಂಟು. ಚಾಲುಕ್ಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ಆರನೆಯ ಪಾಲನ್ನು ಕಂಡವನಿಗೆ ಕೊಟ್ಟು ಮಿಕ್ಕುದನ್ನು ರಾಜನು ತೆಗೆದುಕೊಳ್ಳಬೇಕೆಂದು ಅರ್ಥಮಾಡಿದನು. ಒಂದು ಪದದ ಅನ್ವಯವು ಹೀಗೋ ಹಾಗೋ ಎಂಬುದರ ಮೇಲೆ ಆರರಲ್ಲಿ ಐದು ಪಾಲಿನ ಗತಿ ನಿಂತಿತು! ವ್ಯಾಖ್ಯಾನವು ಪಂಡಿತರ ವಿನೋದವೆಂದು ಬಗೆಯುವವರು ಇದನ್ನು ನೆನೆಯಬೇಕು. ಗಣಿಗಳ ನಿರ್ವಾಹವನ್ನು ಕುರಿತು ಕೌಟಿಲ್ಯನು ವಿವರವಾಗಿ ಹೇಳಿರುವನು: ಆಕರಾಧ್ಯಕ್ಷನೆಂಬ ಅಧಿಕಾರಿಯಿರಬೇಕು, ಹೆಚ್ಚು ವೆಚ್ಚ ತಗಲುವ ಗಣಿಯನ್ನು ಪಾಲಿಗೋ ಗುತ್ತಿಗೆಗೋ ಕೊಡಬೇಕು, ಹಗುರವಾದುದನ್ನು ಅರಸನೇ ನಡೆಸಬೇಕು. ಈ ಎರಡನೆಯ ಮಾತು ಮುಂದೆ ಹೈದರಾಬಾದಿನ ಸಂಸ್ಥಾನದಲ್ಲಿ ಹೇಗೆ ನಡೆಯಿತೆಂಬುದನ್ನು ಕಾಣುವೆವು.

ಶಾಸ್ತ್ರವು ಅಂತಿರಲಿ, ಎಡೆದೊರೆ ನಾಡಿನಲ್ಲಿ, ಎಂದರೆ ಕೃಷ್ಣಾ ತುಂಗಭದ್ರೆಗಳ ನಡುವಣ ಸೀಮೆಯಲ್ಲಿ, ಗಣಿಯ ಕೆಲಸವು ಶಾಸನಗಳಿಗಿಂತಲೂ ಹಳೆಯದು. ಹಟ್ಟಿಯ ಪುರಾತನ ಗುಂಡಿಗಳಲ್ಲಿ ಒಂದು ೬೪೦ ಅಡಿ ಆಳಕ್ಕೆ ಇಳಿದಿತ್ತೆಂಬುದು ಗಣಿಶಾಸ್ತ್ರಜ್ಞರಿಗೂ ಬೆರಗನ್ನುಂಟುಮಾಡಿದ ಸಂಗತಿ. ಸಿಡಿಮದ್ದಿಲ್ಲದ ಆ ಕಾಲದಲ್ಲಿ ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ಬಿರಿದ ಕಲ್ಲನ್ನು ಒಡೆದು ತೆಗೆಯುತ್ತಿದ್ದರು. ಒಳಗೆ ದೊರೆತ ಬೂದಿ ಇದ್ದಿಲುಗಳೇ ಇದಕ್ಕೆ ಸಾಕ್ಷಿ. ಮೇಲೆ ತಂದ ಕಲ್ಲನ್ನು ಬಂಡೆಯಲ್ಲಿ ಕೊರೆದ ಒರಳುಗಳಲ್ಲಿ ಕುಟ್ಟಿ ಅರೆದು ನೀರಿನಲ್ಲಿ ತೊಳೆಯುತ್ತಿದ್ದರು. ಗುಂಡಿಗಳೊಳಗಣ ಮರದ ಆಸರೆಗಳ ಇಂಗಾಲವನ್ನು ಪರೀಕ್ಷಿಸಿದವರು ಅವು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದಿನವೆಂದು ನಿರ್ಣಯಿಸಿರುವರು.

ಮಸ್ಕಿಯ ಅಶೋಕಶಾಸನವು ಬೆಳಕಿಗೆ ಬಂದುದೂ ಈ ಚಿನ್ನದ ಅನ್ವೇಷಣದಿಂದಲೇ. ೧೯೧೫ರಲ್ಲಿ ನಿಜಾಮರ ಸರ್ಕಾರದ ಗಣಿಯ ಇಂಜಿನಿಯರನಾಗಿದ್ದ ಬೀಡನ್ ಎಂಬವನು ಚಿನ್ನದ ಜಾಡನ್ನು ಹುಡುಕುತ್ತ ಗುಡ್ಡದ ಬಂಡೆಯ ಮೇಲಣ ಬರಹವನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಅದೇ ವರ್ಷದಲ್ಲಿ ಸಂಪಾದಿಸಿ ಪ್ರಕಟಿಸಿದರು. ‘ದೇವಾನಾಂಪ್ರಿಯ’ನೆಂಬ ಬಿರುದಿನೊಡನೆ ಅಶೋಕನ ಹೆಸರು ಸ್ಪಷ್ಟವಾಗಿ ಕಾಣಿಸಿಕೊಂಡ ಮೊದಲ ಶಾಸನವು ಇದೇ. ಬ್ರಹ್ಮಗಿರಿಯ ಶಾಸನದಲ್ಲಿ ಆರ್ಯಪುತ್ರನೂ ಮಹಾಮಾತ್ರರೂ ಸುವರ್ಣಗಿರಿಯಿಂದ ಆಜ್ಞೆಯನ್ನು ಕಳುಹಿಸುತ್ತಾರೆ. ಆ ಸುವರ್ಣಗಿರಿಯು ಮಸ್ಕಿಯೆಂದು ಕೆಲವರೂ, ಕನಕಗಿರಿಯೆಂದು ಕೆಲವರೂ, ಕರ್ನೂಲು ಸೀಮೆಯ ಜೊನ್ನಗಿರಿಯೆಂದು ಮತ್ತೆ ಕೆಲವರೂ ವಾದಿಸಿರುವರು. ಯಾವುದೇ ಆಗಲಿ, ಮೌರ್ಯರ ದಕ್ಷಿಣದ ರಾಜಪ್ರತಿನಿಧಿಯ ಬೀಡಿಗೆ ಚಿನ್ನದ ಹೆಸರೇ ಇದ್ದುದು ಆಕಸ್ಮಿಕವಲ್ಲ. ಗಣಿಯಿರುವೆಡೆಯಲ್ಲಿ ರಾಜ್ಯದ ಕಣ್ಣಿರುತ್ತದೆ.

ಇನ್ನು ಸಮೀಪದ ಕಾಲಕ್ಕೆ ಬರೋಣ. ಈ ದೋಆಬು ೧೮೫೩ರ ಒಪ್ಪಂದದಂತೆ ಇಂಗ್ಲಿಷರ ಕೈಸೇರಿ ೧೮೬೦ರಲ್ಲಿ ನಿಜಾಮರಿಗೆ ಹಿಂದಿರುಗಿತು. ಲಿಂಗಸುಗೂರು ೧೯೦೫ರವರೆಗೆ ತಾನೇ ಒಂದು ಜಿಲ್ಲೆಯಾಗಿದ್ದಿತು. ೧೮೮೬ರಲ್ಲಿ ನಿಜಾಮರ ಸರ್ಕಾರವು ವಾಟ್ಸನ್, ಸ್ಟ್ಯೂವರ್ಟ್ ಎಂಬ ಇಬ್ಬರಿಗೆ ಸಂಸ್ಥಾನದ ಗಣಿಗಳ ಹಕ್ಕನ್ನು ಬಿಟ್ಟುಕೊಟ್ಟಿತು. ಅದರ ಆಧಾರದ ಮೇಲೆ ಲಂಡನ್ನಿನಲ್ಲಿ ಹೈದರಾಬಾದ್ (ಡೆಕ್ಕನ್) ಕಂಪನಿಯು ಹುಟ್ಟಿತು. ಪಾಲುಗಳ ಬಹುಭಾಗವನ್ನು ಹಕ್ಕು ಪಡೆದವರು ಹಣ ತೆರದೆಯೇ ಇಟ್ಟುಕೊಂಡರು; ಆ ಪಾಲುಗಳ ಕ್ರಯವಿಕ್ರಯದಲ್ಲಿ ಸಂಸ್ಥಾನದ ಅಧಿಕಾರಿ ಅಬ್ದುಲ್ ಹಕ್ಕನ ನಡತೆಯು ಸಂಶಯಕ್ಕೆ ಗುರಿಯಾಯಿತು; ೧೮೮೮ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ವಿಚಾರಣಾಸಮಿತಿಯೇ ಕುಳಿತುಕೊಳ್ಳಬೇಕಾಯಿತು. ಮೈಸೂರಿನಲ್ಲಿ ೧೮೭೫ರಲ್ಲಿ ಲವೆಲ್ಲನಿಗೆ ಕೋಲಾರದ ಸೀಮೆಯಲ್ಲಿ ಗಣಿಯ ಹಕ್ಕು ದೊರೆತುದನ್ನು ಇದರೊಡನೆ ಹೋಲಿಸಬಹುದು. ಅಲ್ಲಿ ಒಂದು ಸೀಮೆ, ಇಲ್ಲಿ ಸಂಸ್ಥಾನಕ್ಕೆ ಸಂಸ್ಥಾನವೇ. ಕೌಟಿಲ್ಯನು ಹೇಳಿದ ಗುತ್ತಿಗೆಯಲ್ಲಿ ರಾಜನು ಪಾಲನ್ನು ಪಡೆಯುತ್ತಿದ್ದನು. ಇಲ್ಲಿ ಪಾಲು ಎಂಬ ಮಾತಿನ ಅರ್ಥವೇ ಬೇರೆಯಾಯಿತು.

ಹಟ್ಟಿಯ ಗಣಿಯು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಂಪನಿಯ ಕೈಯಲ್ಲಿ ಕೆಲವು ಕಾಲ ನಡೆದು, ಮೊದಲ ಮಹಾಯುದ್ಧದ ಸುಮಾರಿಗೆ ನಿಂತಿತು. ೧೯೪೭ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿಯು ಸ್ಥಾಪಿತವಾಗಿ ಕೆಲಸವು ಮರಳಿ ಮೊದಲಾಯಿತು. ೧೯೫೬ರ ರಾಜ್ಯಪುನರ್ವಿಂಗಡಣೆಯಲ್ಲಿ ಅದು ಮೈಸೂರಿಗೆ ಬಂದಿತು. ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿಗಳಲ್ಲಿ ಹಟ್ಟಿಯೇ ಅಗ್ರಸ್ಥಾನದಲ್ಲಿದೆ.

ಪ್ರಕೃತದ ವಿಷಯವಿದು: ಅಶೋಕನ ಮಹಾಮಾತ್ರರು, ಅಗ್ರಹಾರದ ಮಹಾಜನರು, ಮಠ ದೇವಾಲಯಗಳು, ಜಾಗೀರುದಾರರು, ಲಂಡನ್ನಿನ ಪಾಲುದಾರರು, ಇವರೆಲ್ಲರ ಹೆಸರೂ ನೆಲದೊಳಗಿನ ಸಂಪತ್ತಿನ ಕಥೆಯಲ್ಲಿ ಬರುತ್ತದೆ, ಆ ನೆಲವನ್ನು ಉತ್ತವನ ಹೆಸರು ಮಾತ್ರ ಬರುವುದಿಲ್ಲ. ಅಷ್ಟಭೋಗಗಳನ್ನು ಪಡೆದವನು ಪ್ರತಿಗ್ರಹೀತನೇ ಹೊರತು ಒಕ್ಕಲಲ್ಲ. ೧೮೮೬ರ ಕರಾರಿಗೆ ಪಟ್ಟೆದಾರನು ಕಕ್ಷಿಯಲ್ಲ. ಹಿಂದಿನ ಕಾಲವನ್ನು ಹೊಗಳುವವರು ದಾನಶಾಸನಗಳನ್ನು ಎತ್ತಿ ತೋರಿಸಿ, ಆಗ ನೆಲದ ಒಡೆಯನಿಗೆ ಪಾತಾಳದವರೆಗೂ ಹಕ್ಕಿತ್ತೆಂದು ವಾದಿಸುವುದನ್ನು ಕೇಳಿದ್ದೇವೆ. ಆ ವಾದವು ನಿಲ್ಲತಕ್ಕದ್ದಲ್ಲ.

ಸ್ವಾತಂತ್ರ್ಯಾನಂತರದ ಕಾನೂನು ಈ ಹಳೆಯ ತತ್ತ್ವವನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿದೆಯೆಂದರೆ ಶಾಸನಾಭ್ಯಾಸಿಗಳಿಗೆ ಆಶ್ಚರ್ಯವಾಗಬೇಕು. ೧೯೬೪ರ ಕರ್ನಾಟಕ ಭೂಕಂದಾಯ ಅಧಿನಿಯಮದ ೭೦ನೆಯ ಪ್ರಕರಣದಂತೆ, ಸರ್ಕಾರವು ಮಾಡಿದ ದತ್ತಿಯ ಷರತ್ತಿನಲ್ಲಿ ವ್ಯಕ್ತವಾಗಿ ಬೇರೆ ರೀತಿ ಹೇಳಿದ ಹೊರತು, ಗಣಿಗಳ ಮತ್ತು ಖನಿಜಗಳ ಹಕ್ಕು ರಾಜ್ಯ ಸರ್ಕಾರದ್ದು. ಮುಂಬಯಿಯ ೧೮೭೯ರ ಕಾನೂನಿನಲ್ಲಿಯೂ ಇದೇ ಧೋರಣೆಯಿತ್ತು. ಬರೆದರೆ ಬರುತ್ತದೆ, ಬರೆಯದಿದ್ದರೆ ಇಲ್ಲ. ನೆರೆಯ ಮಲಬಾರಿನ ಸ್ಥಿತಿ ಬೇರೆ. ಅಲ್ಲಿನ ಜನ್ಮಿಗಳ ಹೊಲದಡಿಯ ಖನಿಜವು ಅವರದೇ ಎಂದು ಸರ್ವೋಚ್ಚ ನ್ಯಾಯಾಲಯವು ೨೦೧೩ರಲ್ಲಿ ತೀರ್ಪಿತ್ತಿತು. ಆ ತೀರ್ಪನ್ನು ಹಿಡಿದು ರಾಯಚೂರು ಜಿಲ್ಲೆಯ ರೈತನು ಆಸೆಪಡುವುದಕ್ಕೆ ಮುಂಚೆ ಈ ೭೦ನೆಯ ಪ್ರಕರಣವನ್ನು ಓದಿಕೊಳ್ಳುವುದು ಮೇಲು.

ಹಾಗಾದರೆ ಉಳುವವನಿಗೆ ಏನೂ ಇಲ್ಲವೆ? ಉಂಟು, ಅದೂ ಆ ಹಳೆಯ ಪರಂಪರೆಯಲ್ಲಿ ಕಾಣದುದು. ೧೯೫೭ರ ಗಣಿ ಮತ್ತು ಖನಿಜ ಅಧಿನಿಯಮಕ್ಕೆ ೧೯೭೨ರಲ್ಲಿ ಸೇರಿಸಿದ ೨೪ಎ ಪ್ರಕರಣವು, ಗಣಿಯ ಗುತ್ತಿಗೆಯನ್ನು ಪಡೆದವನಿಗೆ ಹೊಲವನ್ನು ಪ್ರವೇಶಿಸುವ ಅಧಿಕಾರವನ್ನು ಕೊಟ್ಟು, ಒಡನೆಯೇ ನೆಲದ ಮೇಲ್ಭಾಗದ ಅನುಭೋಗದಾರನಿಗೆ ಪರಿಹಾರದ ಹಕ್ಕನ್ನು ಕೊಡುತ್ತದೆ. ಮನೆಯೊಳಕ್ಕಾಗಲಿ ಮನೆಗೆ ಹೊಂದಿದ ಅಂಗಳ ತೋಟಗಳಿಗಾಗಲಿ ಅವನ ಒಪ್ಪಿಗೆಯಿಲ್ಲದೆ ಕಾಲಿಡಬೇಕಾದರೆ ಏಳು ದಿನಗಳ ಲಿಖಿತ ಸೂಚನೆ ಅವಶ್ಯಕ. ಪರಿಹಾರದ ಮೊತ್ತವನ್ನು ಗೊತ್ತುಮಾಡುವುದಕ್ಕೆ ನಿಯಮಗಳು ಹಿಡಿದಿರುವ ಅಳತೆಗೋಲೆಂದರೆ, ವ್ಯವಸಾಯದ ನೆಲಕ್ಕೆ, ಹಿಂದಿನ ಮೂರು ವರ್ಷಗಳಲ್ಲಿ ಅದಕ್ಕೆ ಸಮಾನವಾದ ನೆಲದಿಂದ ಬಂದ ನಿವ್ವಳ ಆದಾಯದ ಸರಾಸರಿ.

ಸ್ಥಳೀಯ ಅಧಿಕಾರಿಯ ಹೊಣೆಯು ಇಲ್ಲಿಯೇ ಭಾರವಾಗುತ್ತದೆ. ಮೂರು ವರ್ಷಗಳ ಬೆಳೆಯನ್ನು ಹೇಳತಕ್ಕದ್ದು ಪಹಣಿ. ನೀರಾವರಿಯ ನೆಲವು ಅದರಲ್ಲಿ ಖುಷ್ಕಿಯೆಂದು ನಿಂತಿದ್ದರೆ, ಬಿತ್ತಿದ ಹೊಲವನ್ನು ಬೀಳೆಂದು ಬರೆದಿದ್ದರೆ, ನೆಲದ ಬೆಲೆ ಅಲ್ಲಿಯೇ ಕುಸಿಯಿತು. ಸಿಂಧನೂರಿನ ಎರೆಭೂಮಿಯನ್ನು ನೋಡಿರಿ. ಮಳೆಯನ್ನೇ ನಂಬಿ ಜೋಳ ಹತ್ತಿಗಳನ್ನು ಬೆಳೆಯುತ್ತಿದ್ದ ಆ ಸೀಮೆಯು ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದ ಮೇಲೆ ಭತ್ತದ ಕಣಜವಾಯಿತು. ಅಷ್ಟಭೋಗದ ಜಲವು ಪಾಷಾಣಕ್ಕಿಂತ ಬೆಲೆಯುಳ್ಳದ್ದಾಯಿತು. ಅಂತಹ ನೆಲಕ್ಕೂ ಹಟ್ಟಿಯ ಸುತ್ತಿನ ಖುಷ್ಕಿಗೂ ಒಂದೇ ದರವನ್ನು ಕಟ್ಟುವ ಅಧಿಕಾರಿಯು ಕಾನೂನನ್ನು ಓದಿಲ್ಲವೆಂದೇ ಹೇಳಬೇಕು. ಇನ್ನೊಂದು ಸೂಕ್ಷ್ಮವುಂಟು. ಕಾನೂನು ಹೇಳುವುದು ಅನುಭೋಗದಾರನನ್ನು, ಬರಿಯ ಖಾತೆದಾರನನ್ನಲ್ಲ. ಕೋರಿಗೆ ಉಳುವವನ ಹೆಸರು ದಾಖಲೆಯಲ್ಲಿಲ್ಲದಿದ್ದರೆ ಅವನಿಗೆ ಸಲ್ಲತಕ್ಕದ್ದು ಕೈತಪ್ಪುವುದು ಸಹಜ.

ನೆಲದಡಿಯ ಅನಿಲದ ವಿಷಯದಲ್ಲಿಯೂ ಇದೇ ಪ್ರಶ್ನೆಯನ್ನು ಈಚೆಗೆ ಕೇಳುವವರಿದ್ದಾರೆ. ರಾಯಚೂರಿನ ಕಣಶಿಲೆಯೂ ಹಟ್ಟಿ ಮಸ್ಕಿಗಳ ಪದರಶಿಲೆಯೂ ಭೂಮಿಯ ಅತಿಪ್ರಾಚೀನ ಶಿಲೆಗಳು. ಅನಿಲವು ದೊರೆಯುವುದು ಗೋದಾವರಿಯ ಮುಖಜಭೂಮಿಯಂತಹ ಜಲಜಶಿಲೆಯ ಪ್ರದೇಶಗಳಲ್ಲಿ. ಆದುದರಿಂದ ಇಲ್ಲಿ ಅನಿಲದ ಬಾವಿಯನ್ನು ತೋಡುವವರು ಬಂದಾರೆಂಬ ಆಸೆಗೂ ಅಂಜಿಕೆಗೂ ಎಡೆಯಿಲ್ಲ. ಅಮೆರಿಕದಲ್ಲಿ ಹೊಲದ ಒಡೆಯನೇ ಅನಿಲದ ಗುತ್ತಿಗೆಯನ್ನು ಬರೆದುಕೊಡುವುದುಂಟು. ನಮ್ಮಲ್ಲಿ ೧೯೪೮ರ ತೈಲಕ್ಷೇತ್ರಗಳ ಕಾನೂನಿನಂತೆ ಆ ಅಧಿಕಾರವು ಸರ್ಕಾರದ್ದು. ಆದರೆ ಅನಿಲವು ಹುಟ್ಟದ ಊರಿನಲ್ಲಿಯೂ ಅನಿಲದ ಕೊಳವೆ ಹಾಯಬಹುದು. ೨೦೨೧ರಲ್ಲಿ ಉದ್ಘಾಟನೆಯಾದ ಕೊಚ್ಚಿ-ಮಂಗಳೂರು ಕೊಳವೆಮಾರ್ಗವು ಕಾಸರಗೋಡಿನ ಕನ್ನಡಿಗರ ಸೀಮೆಯಲ್ಲಿ ಹಾದುಹೋಗಿದೆ. ಇದಕ್ಕೆ ಅನ್ವಯಿಸುವುದು ೧೯೬೨ರ ಕೊಳವೆಮಾರ್ಗದ ಕಾನೂನು. ಅದರಂತೆ ಸರ್ಕಾರವು ನೆಲವನ್ನು ಕೊಳ್ಳುವುದಿಲ್ಲ, ಬಳಕೆಯ ಹಕ್ಕನ್ನು ಮಾತ್ರ ಪಡೆಯುತ್ತದೆ. ಪ್ರಕಟನೆಯಾದ ೨೧ ದಿನಗಳೊಳಗೆ ಆಕ್ಷೇಪಣೆಯನ್ನು ಸಲ್ಲಿಸಬೇಕು, ಆ ಬಳಿಕ ಕೊಳವೆಯ ಮೇಲಣ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ, ಉಳುವುದಕ್ಕೆ ಅಡ್ಡಿಯಿಲ್ಲ. ಬೆಳೆ ಮರಗಳ ನಷ್ಟದ ಪರಿಹಾರವಲ್ಲದೆ, ನೆಲದ ಮಾರುಕಟ್ಟೆಯ ಬೆಲೆಯಲ್ಲಿ ನೂರಕ್ಕೆ ಹತ್ತು ಸಲ್ಲತಕ್ಕದ್ದು. ಅಡಕೆ ತೆಂಗುಗಳ ನಾಡಿನಲ್ಲಿ ಮರ ನೆಡಬಾರದೆಂಬ ನಿರ್ಬಂಧಕ್ಕೆ ಆ ಹತ್ತು ಸಮವಾಗುವುದೆ ಎಂಬುದು ನ್ಯಾಯವಾದ ಪ್ರಶ್ನೆಯೇ. ಸಾಧ್ಯವೆಂಬ ಎಂಟನೆಯ ಭೋಗವು, ಎಂದರೆ ಮುಂದೆ ಈ ನೆಲದಿಂದ ಸಾಧಿಸಿಕೊಳ್ಳಬಹುದಾದುದು, ಈ ಕಾನೂನಿನ ಲೆಕ್ಕಕ್ಕೆ ಸೇರಿಯೇ ಇಲ್ಲ.

ಈ ಸೀಮೆಯ ಗ್ರಾಮಗಳ ಹಳೆಯ ಇನಾಂ ಸನದುಗಳು, ಜಾಗೀರಿನ ಕಾಗದಗಳು ಇನ್ನೂ ಹಲವರ ಮನೆಗಳಲ್ಲಿ ಉಳಿದಿರಬಹುದು. ಜಾಗೀರುಗಳು ೧೯೪೯ರಲ್ಲಿ ರದ್ದಾದುವಾದುದರಿಂದ ಹಕ್ಕುಪತ್ರಗಳಾಗಿ ಅವುಗಳ ಬಲವು ಕಳೆದಿದೆ. ಆದರೆ ಖನಿಜದ ವಿಷಯವಾಗಿ ಅವು ಯಾವ ಮಾತನ್ನು ಬಳಸಿವೆ, ಪಾಷಾಣವೆಂದರೆ ಬರೆದವರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಅವುಗಳಿಂದ ತಿಳಿಯಬಹುದು. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಉಪಾಧ್ಯಾಯರು ತಮ್ಮ ಊರಿನಲ್ಲಿ ಅಂತಹ ಕಾಗದಗಳು ಕಂಡುಬಂದರೆ ಅವುಗಳಲ್ಲಿನ ಭೋಗಗಳ ಪಟ್ಟಿಯನ್ನು ಅಕ್ಷರಶಃ ಪ್ರತಿಮಾಡಿ ಈ ಪತ್ರಿಕೆಗೆ ಕಳುಹಿಸಬೇಕೆಂದು ಕೋರುತ್ತೇವೆ.